ಎಲೆಕ್ಟ್ರಿಕ್ ಕಾರಿನ ಹಿಂದೆ ಟ್ರೇಲರ್ ಮನೆ: ಕಲಬುರಗಿ, ಬೀದರ್, ಯಾದಗಿರಿ ಪ್ರವಾಸಕ್ಕೆ ಸಮಗ್ರ ಮಾರ್ಗದರ್ಶಿ

ಎಲೆಕ್ಟ್ರಿಕ್ ಕಾರಿನ ಹಿಂದೆ ಮಲಗಲು ಮತ್ತು ಅಡುಗೆಗೆ ಅನುಕೂಲವಿರುವ ಚಿಕ್ಕ ಟ್ರೇಲರ್ ಕಟ್ಟಿಕೊಂಡು ನಾಲ್ಕಾರು ದಿನ ಸುತ್ತಿ ಬರಬೇಕೆನ್ನುವವರನ್ನು ಮೊದಲು ಕಾಡುವುದು ದಾರಿ ಮಧ್ಯೆ ಬ್ಯಾಟರಿ ಮುಗಿದರೆ ಗತಿಯೇನು ಎಂಬ ಚಿಂತೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಮಟ್ಟಿಗೆ ಈ ಚಿಂತೆಗೆ ಒಳ್ಳೆಯ ಪರಿಹಾರವಿದೆ. ಇಲ್ಲಿ ಒಂದು ತಂಗುದಾಣದಿಂದ ಮುಂದಿನ ತಂಗುದಾಣಕ್ಕೆ ಹೆಚ್ಚೆಂದರೆ 120 ಕಿ.ಮೀ. ಇರುವಂತೆ ಪ್ರವಾಸವನ್ನು ಹೊಂದಿಸಿಕೊಳ್ಳಬಹುದು. ಸಾಧಾರಣ 15 ಆಂಪಿಯರ್ ಸಾಕೆಟ್‌ನಿಂದ ರಾತ್ರಿ ಹತ್ತು ತಾಸು ಚಾರ್ಜ್ ಮಾಡಿದರೆ ದೊರೆಯುವ ವಿದ್ಯುತ್ತು ಹಗುರವಾದ ಒಂದು ಟ್ರೇಲರನ್ನು ಹೆಚ್ಚುಕಡಿಮೆ ಅಷ್ಟೇ ದೂರ ಎಳೆಯಬಲ್ಲದು. ಆದ್ದರಿಂದ ಈ ಪ್ರವಾಸದ ಯೋಜನೆಯನ್ನು ನೋಡುವ ಸ್ಥಳಗಳಿಂದ ಆರಂಭಿಸದೆ, ರಾತ್ರಿ ತಂಗುವ ಮತ್ತು ಭರವಸೆಯ ಸಾಕೆಟ್ ಸಿಗುವ ಸ್ಥಳಗಳಿಂದ ಆರಂಭಿಸಬೇಕು. ಮುಂದಿನ ಎಲ್ಲ ಹೆಜ್ಜೆಗಳೂ ಈ ಒಂದು ಮಾತನ್ನು ಆಧರಿಸಿವೆ.

ಮೊದಲ ಹೆಜ್ಜೆ: ಕಾರು ಎಳೆಯಲು ಅರ್ಹವೇ ಎಂದು ನೋಡುವುದು

ಎಲೆಕ್ಟ್ರಿಕ್ ಮೋಟಾರಿಗೆ ಎಳೆಯುವ ಶಕ್ತಿಯ ಕೊರತೆಯಿಲ್ಲ. ನಿಂತ ಜಾಗದಿಂದಲೇ ಅದು ಪೂರ್ಣ ಬಲ ಕೊಡುತ್ತದೆ. ಆದರೆ ಎಳೆಯುವ ಅರ್ಹತೆ ಮೋಟಾರಿನಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಹಿಂಬದಿಯ ಚೌಕಟ್ಟು, ಸಸ್ಪೆನ್ಷನ್, ಬ್ರೇಕು, ಬ್ಯಾಟರಿ ಮತ್ತು ಮೋಟಾರನ್ನು ತಂಪಾಗಿಡುವ ವ್ಯವಸ್ಥೆ ಇವೆಲ್ಲ ಸೇರಿ ನಿರ್ಧಾರವಾಗುತ್ತದೆ. ಕಾರಿನ ಮಾಲೀಕರ ಕೈಪಿಡಿಯಲ್ಲಿ ಟ್ರೇಲರ್ ಎಳೆಯುವ ಬಗ್ಗೆ ಒಂದು ಅಧ್ಯಾಯವಿರುತ್ತದೆ. ಬ್ರೇಕ್ ಇರುವ ಟ್ರೇಲರ್‌ಗೆ ಇಷ್ಟು ಕೆಜಿ, ಬ್ರೇಕ್ ಇಲ್ಲದ ಟ್ರೇಲರ್‌ಗೆ ಇಷ್ಟು ಕೆಜಿ, ಕೊಂಡಿಯ ಮೇಲೆ ಬೀಳಬಹುದಾದ ಭಾರ ಇಷ್ಟು ಎಂದು ಮೂರು ಅಂಕಿಗಳು ಅಲ್ಲಿ ಸಿಗಬೇಕು. ಅಂಕಿ ಇಲ್ಲದಿದ್ದರೆ, ಅಥವಾ ಎಳೆಯಬಾರದು ಎಂದೇ ಬರೆದಿದ್ದರೆ, ಆ ಕಾರಿಗೆ ಟ್ರೇಲರ್ ಕಟ್ಟಬಾರದು. ಈ ಮಾತಿಗೆ ವಿನಾಯಿತಿ ಇಲ್ಲ.

ಯುರೋಪಿನಲ್ಲಿ ಮಾರಾಟವಾಗುವ ಹ್ಯುಂಡೈ ಅಯಾನಿಕ್ 5 ಕಾರಿನ ದೊಡ್ಡ ಬ್ಯಾಟರಿಯ ಮಾದರಿಗೆ ಬ್ರೇಕ್ ಇರುವ ಟ್ರೇಲರ್ 1,600 ಕೆಜಿ, ಬ್ರೇಕ್ ಇಲ್ಲದ್ದು 750 ಕೆಜಿ ಎಂಬ ಮಿತಿ ಇದೆ. ಅದೇ ಹೆಸರಿನ ಕಾರು ನಮ್ಮಲ್ಲಿಯೂ ಸಿಗುತ್ತದೆ ಎಂಬ ಕಾರಣಕ್ಕೆ ಆ ಅಂಕಿಯನ್ನು ಇಲ್ಲಿಗೆ ತಂದುಕೊಳ್ಳುವುದು ಸರಿಯಲ್ಲ. ನಿಮ್ಮ ಕೈಯಲ್ಲಿರುವ ಕಾರಿನ, ಈ ದೇಶದ ಕೈಪಿಡಿಯೇ ಪ್ರಮಾಣ. ಅಲ್ಲಿ ಸ್ಪಷ್ಟವಿಲ್ಲದಿದ್ದರೆ ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆಯಬೇಕು. ಷೋರೂಮಿನ ಬಾಯಿಮಾತು ವಾರಂಟಿ ಅಥವಾ ವಿಮೆಯ ಪ್ರಶ್ನೆ ಬಂದಾಗ ನಿಲ್ಲುವುದಿಲ್ಲ. ಕೊಂಡಿಯನ್ನೂ ಕಂಪನಿ ಒಪ್ಪಿದ ಜಾಗದಲ್ಲಿ, ಚೌಕಟ್ಟಿಗೇ ಬೋಲ್ಟ್ ಹಾಕಿ ಕೂರಿಸಬೇಕು. ಎಲೆಕ್ಟ್ರಿಕ್ ಕಾರಿನ ತಳದಲ್ಲಿ ಬ್ಯಾಟರಿ ಪೆಟ್ಟಿಗೆ ಮತ್ತು ಕಿತ್ತಳೆ ಬಣ್ಣದ ಅಧಿಕ ವೋಲ್ಟೇಜ್ ತಂತಿಗಳಿರುವುದರಿಂದ ಗ್ಯಾರೇಜಿನಲ್ಲಿ ಎಲ್ಲೆಂದರಲ್ಲಿ ವೆಲ್ಡಿಂಗ್ ಮಾಡಿಸುವುದು, ರಂಧ್ರ ಕೊರೆಸುವುದು ಪ್ರಾಣಾಪಾಯದ ಕೆಲಸ.

ಎರಡನೆಯ ಹೆಜ್ಜೆ: ತಗ್ಗಿನ, ಹಗುರವಾದ ಟ್ರೇಲರ್ ಆರಿಸುವುದು

ಟ್ರೇಲರ್ ಆರಿಸುವಾಗ ಎಲ್ಲರ ಗಮನ ತೂಕದ ಮೇಲಿರುತ್ತದೆ. ಸಮತಟ್ಟಾದ ಬಯಲುಸೀಮೆಯ ಹೆದ್ದಾರಿಯಲ್ಲಿ ಬ್ಯಾಟರಿಯನ್ನು ತಿನ್ನುವುದು ತೂಕಕ್ಕಿಂತ ಹೆಚ್ಚಾಗಿ ಗಾಳಿಗೆ ಎದುರಾಗಿ ನಿಲ್ಲುವ ಮುಖದ ಅಗಲ ಮತ್ತು ಎತ್ತರ. ಕಾರಿನ ಮಾಳಿಗೆಗಿಂತ ಹೆಚ್ಚು ಮೇಲೇಳದ, ಮುಂಭಾಗ ದುಂಡಗಿರುವ, ಇಬ್ಬರು ಮಲಗಬಹುದಾದ ಚಿಕ್ಕ ಟ್ರೇಲರ್, ಅಥವಾ ನಿಂತಾಗ ಮಾಳಿಗೆಯನ್ನು ಮೇಲೆತ್ತಿ ಓಡುವಾಗ ಮಡಚುವ ಮಾದರಿ ನಮ್ಮ ಉದ್ದೇಶಕ್ಕೆ ಸೂಕ್ತ. ಒಳಗೆ ನಿಂತು ಓಡಾಡಬಹುದಾದ ಎತ್ತರದ ಮನೆ ಕಣ್ಣಿಗೆ ಚೆಂದ, ಆದರೆ ಅದು ಪ್ರಯಾಣದ ದೂರವನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತದೆ. ಅದರ ಲೆಕ್ಕ ಮುಂದೆ ಬರುತ್ತದೆ.

ಟ್ರೇಲರ್‌ಗೆ ಸ್ವಂತ ಬ್ರೇಕ್ ಇರಲಿ. 750 ಕೆಜಿ ಮೀರಿದರೆ ಬ್ರೇಕ್ ಕಡ್ಡಾಯವೆಂಬುದು ಯುರೋಪಿನ ನಿಯಮ. ಊರೂರಿಗೆ ಹಂಪ್, ರಸ್ತೆಗೆ ಅಡ್ಡ ಬರುವ ಎಮ್ಮೆ, ಎದುರು ದಿಕ್ಕಿನಿಂದ ನುಗ್ಗುವ ಬೈಕು ಇರುವ ನಮ್ಮ ರಸ್ತೆಗಳಲ್ಲಿ 500 ಕೆಜಿಗೇ ಅದು ಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಕೊಂಡಿ ಕಳಚಿದರೆ ತಾನೇ ಬ್ರೇಕ್ ಹಾಕಿಕೊಳ್ಳುವ ತಂತಿ, ಅದರ ಜೊತೆಗೆ ಎರಡು ಸುರಕ್ಷತಾ ಸರಪಳಿ, ಬ್ರೇಕ್ ದೀಪ, ಇಂಡಿಕೇಟರ್, ಹಿಂಬದಿಯಲ್ಲಿ ಮತ್ತು ಎರಡೂ ಮಗ್ಗುಲಲ್ಲಿ ಹೊಳೆಯುವ ಪಟ್ಟಿ ಇರಲೇಬೇಕು.

ಟ್ರೇಲರ್ ದೀಪಗಳಿಗೆ ಕಾರಿನ ದೀಪದ ತಂತಿ ಸೀಳಿ ಸಂಪರ್ಕ ಕೊಡುವ ಹಳೆಯ ಪದ್ಧತಿ ಎಲೆಕ್ಟ್ರಿಕ್ ಕಾರಿಗೆ ಒಗ್ಗದು. ಕಾರಿನ ಕಂಪ್ಯೂಟರ್ ಅದನ್ನು ದೋಷವೆಂದು ತಿಳಿಯಬಹುದು. ಕಾರಿಗೆಂದೇ ತಯಾರಾದ ಮಾಡ್ಯೂಲ್ ಮತ್ತು ಎಲ್‌ಇಡಿ ದೀಪಗಳನ್ನೇ ಬಳಸಬೇಕು.

ಮೂರನೆಯ ಹೆಜ್ಜೆ: ಕಾಗದಪತ್ರ

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಸಹ ಒಂದು ವಾಹನ. ನೋಂದಣಿ ಇಲ್ಲದೆ ಅದನ್ನು ರಸ್ತೆಗೆ ತರುವಂತಿಲ್ಲ. ಕಾಯ್ದೆಯ 61ನೇ ಕಲಮಿನಂತೆ ಟ್ರೇಲರಿನ ಸ್ವಂತ ನೋಂದಣಿ ಸಂಖ್ಯೆಯನ್ನು ಅದರ ಮಗ್ಗುಲಲ್ಲಿ ತೋರಿಸಬೇಕು, ಎಳೆಯುವ ವಾಹನದ ಸಂಖ್ಯೆಯೂ ಟ್ರೇಲರ್ ಮೇಲೆ ಕಾಣಬೇಕು. ಕಲಬುರಗಿ (ಕೆಎ 32), ಯಾದಗಿರಿ (ಕೆಎ 33), ಬೀದರ್ (ಕೆಎ 38) ಇವುಗಳಲ್ಲಿ ನಿಮ್ಮ ವಿಳಾಸಕ್ಕೆ ಸಂಬಂಧಿಸಿದ ಆರ್‌ಟಿಒ ಕಚೇರಿಗೆ ಹೋಗಿ, ಕೊಳ್ಳುವ ಮೊದಲೇ ಟ್ರೇಲರಿನ ಅನುಮೋದನೆ ಪತ್ರ ತೋರಿಸಿ, ನೋಂದಣಿ ಆಗುವುದೇ ಎಂದು ಕೇಳಿಕೊಳ್ಳುವುದು ಜಾಣತನ. ವಿಮಾ ಕಂಪನಿಗೂ ಬರಹದಲ್ಲಿ ತಿಳಿಸಿ, ಕಾರಿನ ಪಾಲಿಸಿಯಲ್ಲಿ ಟ್ರೇಲರ್ ಎಳೆಯುವ ಉಲ್ಲೇಖ ಮಾಡಿಸಿ, ಟ್ರೇಲರ್‌ಗೆ ಪ್ರತ್ಯೇಕ ವಿಮೆ ಮಾಡಿಸಬೇಕು. ರಸ್ತೆ ನೆರವಿನ ಸೇವೆಯವರನ್ನು ಒಂದು ಪ್ರಶ್ನೆ ಕೇಳಿಟ್ಟುಕೊಳ್ಳಿ: ಕಾರು ಕೆಟ್ಟರೆ ಟ್ರೇಲರನ್ನು ಯಾರು ತರುತ್ತಾರೆ? ಎಲೆಕ್ಟ್ರಿಕ್ ಕಾರನ್ನು ಹಗ್ಗ ಕಟ್ಟಿ ಎಳೆಯುವಂತಿಲ್ಲ, ಮೋಟಾರಿಗೆ ಜೋಡಿಸಿದ ಚಕ್ರಗಳು ನೆಲಕ್ಕೆ ತಾಗದಂತೆ ಚಪ್ಪಟೆ ಲಾರಿಯ ಮೇಲೇರಿಸಿಯೇ ಒಯ್ಯಬೇಕು. ಹಾಗಾಗಿ ಟ್ರೇಲರ್‌ಗೆ ಇನ್ನೊಂದು ವಾಹನ ಬೇಕಾಗುತ್ತದೆ.

ನಾಲ್ಕನೆಯ ಹೆಜ್ಜೆ: ಭಾರ ತುಂಬುವುದು ಮತ್ತು ತೂಗುವುದು

ಟ್ರೇಲರ್ ಓಲಾಡಿ ಮಗುಚುವುದಕ್ಕೆ ಬಹುಮಟ್ಟಿಗೆ ಕಾರಣ ಹಿಂದೆ ತುಂಬಿದ ಭಾರ. ಭಾರವಾದ ಸಾಮಾನೆಲ್ಲ ಆ್ಯಕ್ಸಲ್‌ನ ನೇರಕ್ಕೆ ಅಥವಾ ಅದರ ತುಸು ಮುಂದೆ, ನೆಲಕ್ಕೆ ಹತ್ತಿರವಾಗಿ ಇರಬೇಕು. ನೂರು ಲೀಟರ್ ನೀರು ಎಂದರೆ ನೂರು ಕೆಜಿ ಎಂಬುದು ನೆನಪಿರಲಿ. ನೀರಿನ ಟ್ಯಾಂಕ್ ಹಿಂಬದಿಯ ಬಂಪರಿನಲ್ಲಿರುವ ಟ್ರೇಲರನ್ನು ನಾನಂತೂ ಕೊಳ್ಳುವುದಿಲ್ಲ. ಕೊಂಡಿಯ ಮೇಲೆ ಬೀಳುವ ಭಾರ ಟ್ರೇಲರಿನ ಒಟ್ಟು ತೂಕದ ಶೇ. 4ರಿಂದ 7ರಷ್ಟಿರಬೇಕು ಎಂಬುದು ಯುರೋಪಿನ ವಾಡಿಕೆ, ಅಮೆರಿಕದಲ್ಲಿ ಶೇ. 10ರಿಂದ 15. ಅಲ್ಲಿನ ದೊಡ್ಡ ಪಿಕಪ್‌ಗಳಿಗೆ ಸರಿಹೊಂದುವ ಅಂಕಿ ನಮ್ಮ ಕಾರುಗಳಿಗೆ ಹೊಂದುವುದಿಲ್ಲ. ಒಟ್ಟು 900 ಕೆಜಿಯ ಟ್ರೇಲರ್ ಆದರೆ 60 ಕೆಜಿಯ ಆಸುಪಾಸು ಇರಲಿ, ಆದರೆ ಕೈಪಿಡಿಯ ಮಿತಿ ಮೀರದಿರಲಿ. ಈ 60 ಕೆಜಿ ಕಾರಿನೊಳಗೆ ಕೂತ ಮತ್ತೊಬ್ಬ ವ್ಯಕ್ತಿಯ ಭಾರವೆಂದೇ ಎಣಿಸಬೇಕು.

ತೊಗರಿಯ ಕಣಜವೆನಿಸಿದ ಕಲಬುರಗಿಯಲ್ಲಿ ತೂಕ ಮಾಡಿಸುವುದು ಕಷ್ಟವಲ್ಲ. ದಾಲ್ ಮಿಲ್‌ಗಳು ಮತ್ತು ಎಪಿಎಂಸಿ ಇರುವ ಕಡೆ ಜನ ಕಾಟಾ ಎನ್ನುವ ವೇಬ್ರಿಡ್ಜ್‌ಗಳಿವೆ. ನೀರು, ಗ್ಯಾಸ್, ಹಾಸಿಗೆ, ಪಾತ್ರೆ ಎಲ್ಲ ತುಂಬಿದ ಮೇಲೆ ಮೊದಲು ಕಾರು ಮತ್ತು ಟ್ರೇಲರ್ ಎರಡನ್ನೂ, ಆಮೇಲೆ ಕೊಂಡಿ ಬಿಡಿಸಿ ಟ್ರೇಲರನ್ನಷ್ಟೇ ತೂಗಿಸಿ. ಲಾರಿಗೆಂದು ಇರುವ ಕಾಟಾ ಚಿಕ್ಕ ತೂಕವನ್ನು ಸರಿಯಾಗಿ ತೋರದಿರುವುದರಿಂದ ಕೊಂಡಿಯ ಭಾರವನ್ನು ಮನೆಯಲ್ಲಿ ಮನುಷ್ಯರ ತೂಕ ನೋಡುವ ಯಂತ್ರದ ಮೇಲೆ ಗಟ್ಟಿ ಹಲಗೆ ಇಟ್ಟು, ಟ್ರೇಲರ್ ಸಮತಲವಾಗಿರುವಂತೆ ನೋಡಿಕೊಂಡು ಅಳೆಯಬೇಕು.

ಐದನೆಯ ಹೆಜ್ಜೆ: ಯೂನಿಟ್ ಲೆಕ್ಕ

ಬ್ಯಾಟರಿಯ ಅಳತೆಯಾದ ಕಿಲೋವ್ಯಾಟ್ ಅವರ್ ಎಂದರೆ ಈ ಭಾಗಕ್ಕೆ ವಿದ್ಯುತ್ ಪೂರೈಸುವ ಜೆಸ್ಕಾಂನ ಬಿಲ್ಲಿನಲ್ಲಿ ಬರುವ ಯೂನಿಟ್ ತಾನೆ. ಎಲ್ಲವನ್ನೂ ನೂರು ಕಿ.ಮೀ.ಗೆ ಎಷ್ಟು ಯೂನಿಟ್ ಎಂಬ ಒಂದೇ ಅಳತೆಗೆ ಇಳಿಸಿಕೊಂಡರೆ ಗೊಂದಲ ಉಳಿಯುವುದಿಲ್ಲ.

ಜನ ಮತ್ತು ಸಾಮಾನು ಸೇರಿ 2,200 ಕೆಜಿ ತೂಗುವ ಕಾರು, ಸಮತಟ್ಟು ರಸ್ತೆ, ತಾಸಿಗೆ 70 ಕಿ.ಮೀ. ವೇಗ, ಗಾಳಿ ಇಲ್ಲದ ದಿನ, ಎಸಿ ಚಾಲೂ ಎಂದು ಇಟ್ಟುಕೊಳ್ಳೋಣ. ಚಕ್ರದ ಉರುಳುವಿಕೆಯ ತಡೆ, ಗಾಳಿಯ ತಡೆ, ಮೋಟಾರು ಮತ್ತು ಗೇರಿನಲ್ಲಿ ಆಗುವ ನಷ್ಟ ಇಷ್ಟನ್ನು ಭೌತಶಾಸ್ತ್ರದ ಸೂತ್ರಗಳಿಂದ ಲೆಕ್ಕ ಹಾಕಿದರೆ ಕಾರಿಗೆ ಒಂಟಿಯಾಗಿ ನೂರು ಕಿ.ಮೀ.ಗೆ ಸುಮಾರು 15 ಯೂನಿಟ್ ಬೇಕು. 900 ಕೆಜಿಯ ತಗ್ಗಿನ ಟ್ರೇಲರ್ ಕಟ್ಟಿದರೆ ಅದು 23ರಿಂದ 24 ಆಗುತ್ತದೆ. 1,400 ಕೆಜಿಯ ಎತ್ತರದ ಟ್ರೇಲರ್ ಕಟ್ಟಿದರೆ 31 ದಾಟುತ್ತದೆ. ಬಳಕೆಗೆ 60 ಯೂನಿಟ್ ಸಿಗುವ ಬ್ಯಾಟರಿಯಲ್ಲಿ ಶೇ. 15ನ್ನು ಮುಟ್ಟದೆ ಉಳಿಸಿದರೆ 51 ಯೂನಿಟ್ ಕೈಗೆ ಬರುತ್ತದೆ: ಒಂಟಿ ಕಾರಿಗೆ 340 ಕಿ.ಮೀ., ತಗ್ಗಿನ ಟ್ರೇಲರ್ ಜೊತೆ 215 ಕಿ.ಮೀ., ಎತ್ತರದ್ದರ ಜೊತೆ 160 ಕಿ.ಮೀ.

ಈಗ ವೇಗವನ್ನು ನೋಡಿ. ಗಾಳಿಯ ತಡೆ ವೇಗದ ವರ್ಗದಂತೆ ಏರುವುದರಿಂದ 70ರ ಬದಲು 90ರಲ್ಲಿ ಓಡಿದರೆ ಅದೇ ತಗ್ಗಿನ ಟ್ರೇಲರ್‌ಗೆ 23.5 ಯೂನಿಟ್ ಇದ್ದದ್ದು ಸುಮಾರು 30ಕ್ಕೆ ಹೋಗುತ್ತದೆ. 60ರಲ್ಲಿ ಓಡಿದರೆ 21ಕ್ಕೆ ಇಳಿಯುತ್ತದೆ. ಕಲಬುರಗಿಯಿಂದ ಬೀದರ್‌ಗೆ 70ರ ಬದಲು 90ರಲ್ಲಿ ಹೋದರೆ ಸತತ ಓಟದಲ್ಲೂ ಉಳಿಯುವುದು ಇಪ್ಪತ್ತು ನಿಮಿಷ ಮಾತ್ರ. ಹೆಚ್ಚಿಗೆ ಖರ್ಚಾಗುವ ಏಳು ಯೂನಿಟ್ಟನ್ನು 15 ಆಂಪಿಯರ್ ಸಾಕೆಟ್‌ನಿಂದ ಮರಳಿ ತುಂಬಲು ಎರಡು ತಾಸಿಗಿಂತ ಹೆಚ್ಚು ಬೇಕು.

ನಮ್ಮ ಭಾಗದಲ್ಲಿ ಇದಕ್ಕಿಂತ ಮುಖ್ಯವಾದದ್ದು ಮುಂಗಾರಿನ ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವ ಗಾಳಿ ಮರವಿಲ್ಲದ ಈ ಬಯಲಿನಲ್ಲಿ ತಡೆಯಿಲ್ಲದೆ ನುಗ್ಗುತ್ತದೆ. ಬೀದರ್ ಇರುವುದು ಕಲಬುರಗಿಯ ಈಶಾನ್ಯಕ್ಕೆ. ಹೋಗುವಾಗ ಗಾಳಿ ಬೆನ್ನಿಗಿದ್ದು ಯೂನಿಟ್ ಉಳಿಯುತ್ತದೆ, ಬರುವಾಗ ಎದೆಗಿದ್ದು ಖರ್ಚಾಗುತ್ತದೆ. ತಾಸಿಗೆ 20 ಕಿ.ಮೀ. ವೇಗದ ಎದುರು ಗಾಳಿ ಇದ್ದರೆ 70ರಲ್ಲಿ ಓಡುವ ಕಾರಿಗೆ ಗಾಳಿಯ ಮಟ್ಟಿಗೆ 90ರಲ್ಲಿ ಓಡಿದಂತಾಗಿ, ಖರ್ಚು 30 ಯೂನಿಟ್ ಮುಟ್ಟುತ್ತದೆ. ಆದ್ದರಿಂದ ಹೋಗುವಾಗಿನ ಅಂಕಿಯನ್ನು ನಂಬಿ ಮರಳುವ ದಿನದ ಯೋಜನೆ ಮಾಡಬಾರದು. ಮುಂಗಾರಿನಲ್ಲಿ ಮರಳುವ ಪ್ರಯಾಣವನ್ನು ಗಾಳಿ ಏರುವ ಮೊದಲು, ಬೆಳಗಿನ ಜಾವಕ್ಕೇ ಇಟ್ಟುಕೊಳ್ಳುವುದು ಒಳ್ಳೆಯದು.

ಏರು ಅಷ್ಟು ಹೆದರಿಸುವಂಥದ್ದಲ್ಲ. ಬೀದರ್ ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ. ಕಾರು, ಟ್ರೇಲರ್ ಸೇರಿ 3,100 ಕೆಜಿಯನ್ನು ಅಷ್ಟು ಮೇಲೇರಿಸಲು ಬೇಕಾಗುವುದು ಸುಮಾರು ಎರಡು ಯೂನಿಟ್. ಮರಳುವಾಗ ಅದರ ಹೆಚ್ಚಿನ ಪಾಲು ವಾಪಸು ಸಿಗುತ್ತದೆ.

ಮೇಲಿನವೆಲ್ಲ ಲೆಕ್ಕದ ಅಂಕಿಗಳು. ನಿಮ್ಮ ಕಾರು ಮತ್ತು ಟ್ರೇಲರಿನ ನಿಜವಾದ ಅಂಕಿ ಪಡೆಯಲು ಪ್ರವಾಸಕ್ಕೆ ಮುಂಚೆ ಎಲ್ಲ ಭಾರ ತುಂಬಿಕೊಂಡು ಕಲಬುರಗಿಯಿಂದ ಜೇವರ್ಗಿಗೆ ಹೋಗಿ ಬನ್ನಿ. ಹೋಗುವುದು ಬರುವುದು ಸೇರಿ 80 ಕಿ.ಮೀ. ಆಗುತ್ತದೆ, ಭೀಮಾ ನದಿಯ ಸೇತುವೆಯ ಮೇಲೆ ಅಡ್ಡಗಾಳಿಗೆ ಟ್ರೇಲರ್ ಹೇಗೆ ವರ್ತಿಸುತ್ತದೆ ಎಂಬುದೂ ತಿಳಿಯುತ್ತದೆ. ಎರಡೂ ದಿಕ್ಕಿನ ಖರ್ಚನ್ನು ಬೇರೆಬೇರೆಯಾಗಿ ಬರೆದಿಟ್ಟುಕೊಂಡು, ಯೋಜನೆ ಮಾಡುವಾಗ ಎರಡರಲ್ಲಿ ದೊಡ್ಡದನ್ನು ಹಿಡಿಯಿರಿ. ಕಾರಿನ ಪರದೆ ತೋರಿಸುವ ಉಳಿದ ಕಿ.ಮೀ. ಸಂಖ್ಯೆ ಟ್ರೇಲರ್ ಇಲ್ಲದ ದಿನಗಳ ಓಟವನ್ನು ಆಧರಿಸಿರಬಹುದು. ಶೇಕಡಾವಾರು ಚಾರ್ಜನ್ನು ಮಾತ್ರ ನೋಡಬೇಕು.

ಆರನೆಯ ಹೆಜ್ಜೆ: ಚಾರ್ಜ್ ಮಾಡುವ ವ್ಯವಸ್ಥೆ

ವೇಗದ ಚಾರ್ಜರ್‌ಗಳಿಗೆ ನಮ್ಮ ದೇಶದ ಕಾರುಗಳಲ್ಲಿ ಸಿಸಿಎಸ್ 2 ಪ್ಲಗ್ ವಾಡಿಕೆಯಲ್ಲಿದೆ. ಪುಣೆ–ಹೈದರಾಬಾದ್ ಹೆದ್ದಾರಿ 65 ಮತ್ತು ಬೀದರ್–ಕಲಬುರಗಿ ಹೆದ್ದಾರಿ 50 ಕೂಡುವ ಹುಮನಾಬಾದ್ ಈ ಪ್ರವಾಸದ ನಡುಗಂಬ. ವೇಗದ ಚಾರ್ಜರ್ ಹುಡುಕುವಾಗ ಅಲ್ಲಿಂದಲೇ ಆರಂಭಿಸಿ. ಆ್ಯಪ್‌ನಲ್ಲಿ ಹಸಿರು ಚುಕ್ಕೆ ಕಂಡ ಮಾತ್ರಕ್ಕೆ ಹೊರಡದೆ ಹಿಂದಿನ ದಿನ ಫೋನ್ ಮಾಡಿ ಮೂರು ಸಂಗತಿ ಕೇಳಬೇಕು: ಯಂತ್ರ ನಡೆಯುತ್ತಿದೆಯೇ, ಅದು ಎಷ್ಟು ಕಿಲೋವ್ಯಾಟ್‌ನದು, ಟ್ರೇಲರ್ ನಿಲ್ಲಿಸಲು ಪಕ್ಕದಲ್ಲಿ ಜಾಗ ಇದೆಯೇ. ಚಾರ್ಜಿಂಗ್ ಜಾಗಗಳು ಬಹುಪಾಲು ಒಂದೇ ಕಾರಿನ ಉದ್ದಕ್ಕೆ ಇರುವುದರಿಂದ ಟ್ರೇಲರ್ ಬಿಡಿಸಿ ಬದಿಗಿಡಬೇಕಾಗುತ್ತದೆ. ಬೇರೆಯವರ ದಾರಿಗೆ ಅಡ್ಡವಾಗಿ ಉದ್ದಕ್ಕೆ ನಿಲ್ಲಿಸುವುದು ಸಲ್ಲದು. 30 ಕಿಲೋವ್ಯಾಟ್ ಯಂತ್ರದಲ್ಲಿ ನೂರು ಕಿ.ಮೀ.ಗೆ ಬೇಕಾದಷ್ಟು ತುಂಬಲು ಮುಕ್ಕಾಲು ತಾಸಿನಿಂದ ಒಂದು ತಾಸು ಹಿಡಿಯುತ್ತದೆ, ಬಿಡಿಸಿ ಕಟ್ಟುವ ಸಮಯ ಬೇರೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿಯ ಬಿಸಿಲಿನಲ್ಲಿ ಭಾರ ಎಳೆದು ಬಂದ ಬ್ಯಾಟರಿ ತನ್ನ ರಕ್ಷಣೆಗಾಗಿ ಚಾರ್ಜಿನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆದ್ದರಿಂದ ವೇಗದ ಚಾರ್ಜರ್ ಆಪತ್ತಿಗೆ ಇರಲಿ. ನಿತ್ಯದ ಆಧಾರ ರಾತ್ರಿಯ ಸಾಕೆಟ್ ಆಗಿರಲಿ.

ರಾತ್ರಿಯ ಲೆಕ್ಕ ಹೀಗಿದೆ. 15 ಆಂಪಿಯರ್ ಸಾಕೆಟ್‌ನಿಂದ ಸುಮಾರು 3.3 ಕಿಲೋವ್ಯಾಟ್ ಬರುತ್ತದೆ. ಹತ್ತು ತಾಸಿಗೆ 33 ಯೂನಿಟ್, ನಷ್ಟ ಕಳೆದು ಬ್ಯಾಟರಿಗೆ 29. ನೂರು ಕಿ.ಮೀ.ಗೆ 23.5 ಯೂನಿಟ್ ತಿನ್ನುವ ಟ್ರೇಲರ್ ಇದರಲ್ಲಿ 120 ಕಿ.ಮೀ. ಹೋಗುತ್ತದೆ. ಹಳೆಯ ವೈರಿಂಗ್ ಇದ್ದು 10 ಆಂಪಿಯರ್‌ಗೆ ಇಳಿಸಬೇಕಾದರೆ ಸುಮಾರು 80 ಕಿ.ಮೀ. ಮಾತ್ರ.

ಸಾಕೆಟ್ ಇದೆ ಎಂದರೆ ಸಾಲದು, ಅರ್ಥಿಂಗ್ ಬೇಕು. ಕಾರಿನ ಜೊತೆ ಬರುವ ಚಾರ್ಜರ್ ಅರ್ಥಿಂಗ್ ಸರಿ ಇಲ್ಲದಿದ್ದರೆ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ, ಅದು ನಿಲ್ಲುವುದೇ ನಮ್ಮ ಒಳ್ಳೆಯದಕ್ಕೆ. ಬೀದರ್‌ನ ಕೆಂಪು ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಗಟ್ಟಿಯಾದಾಗ ಅರ್ಥ್ ಗುಂಡಿಯೂ ಒಣಗಿ ಈ ತೊಂದರೆ ಹೆಚ್ಚಾಗುತ್ತದೆ. ಆ ಗುಂಡಿಗೆ ಒಂದೆರಡು ಕೊಡ ನೀರು ಹಾಕಿಸಿ ತುಸು ಹೊತ್ತು ಬಿಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ. ಹೋಗದಿದ್ದರೆ ಅಲ್ಲಿ ಚಾರ್ಜ್ ಮಾಡಬಾರದು. ಅರ್ಥಿಂಗ್ ಇದ್ದಂತೆ ಚಾರ್ಜರನ್ನು ನಂಬಿಸುವ ಪ್ಲಗ್ ಬಳಸಿದರೆ ಕಾರಿನ ಮೈ ಮುಟ್ಟಿದವರಿಗೆ ಶಾಕ್ ಹೊಡೆಯಬಹುದು. ಮಕ್ಕಳು ಓಡಾಡುವ ಕಡೆ ಇದನ್ನು ಯಾರೂ ಮಾಡಬಾರದು. ಎಕ್ಸ್‌ಟೆನ್ಷನ್ ಬೇಕಾದರೆ ಕನಿಷ್ಠ 2.5 ಚದರ ಮಿ.ಮೀ., ಸಾಧ್ಯವಾದರೆ 4 ಚದರ ಮಿ.ಮೀ. ತಾಮ್ರದ ತಂತಿಯದೇ ಇರಲಿ, ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಕಿ. ಚಾರ್ಜ್ ಹಚ್ಚಿದ ಅರ್ಧ ತಾಸಿಗೆ ಪ್ಲಗ್ ಮುಟ್ಟಿ ನೋಡಿ. ಬೆರಳಿಡಲಾಗದಷ್ಟು ಬಿಸಿ ಇದ್ದರೆ ಆಂಪಿಯರ್ ಇಳಿಸಿ.

ಲಾಡ್ಜು, ಕಲ್ಯಾಣ ಮಂಟಪ, ಯಾತ್ರಿನಿವಾಸ, ದಾಬಾ, ಪರಿಚಯದವರ ತೋಟದ ಮನೆ ಇವುಗಳಲ್ಲಿ ಮೊದಲೇ ಕೇಳಿ, ಯೂನಿಟ್ ಅಳೆಯುವ ಚಿಕ್ಕ ಮೀಟರ್ ಜೊತೆಗೆ ಒಯ್ದು, ಬಳಸಿದಷ್ಟಕ್ಕೆ ಹಣ ಕೊಡುವುದು ಮರ್ಯಾದೆ. ಹೊಲದ ಪಂಪ್‌ಸೆಟ್ ಲೈನಿನಿಂದ ಚಾರ್ಜ್ ಮಾಡಿಕೊಳ್ಳಿ ಎಂದು ರೈತರು ಪ್ರೀತಿಯಿಂದ ಹೇಳಬಹುದು. ಆ ವಿದ್ಯುತ್ತು ನೀರಾವರಿಗೆಂದು ಕೊಟ್ಟದ್ದು; ಬೇರೆ ಕೆಲಸಕ್ಕೆ ಬಳಸಿದರೆ ಕೇಸು ಬೀಳುವುದು ಆ ರೈತರ ಮೇಲೆ. ಸಾಲದ್ದಕ್ಕೆ ಅಲ್ಲಿನ ವೋಲ್ಟೇಜ್ ಏರಿಳಿತ ಚಾರ್ಜರಿಗೆ ಮಾರಕ.

ಏಳನೆಯ ಹೆಜ್ಜೆ: ಕೊಂಡಿ ಹಾಕುವುದು, ಓಡಿಸುವುದು

ಕೊಂಡಿ ಹಾಕುವಾಗ ಕ್ರಮ ತಪ್ಪಬಾರದು. ಟ್ರೇಲರಿನ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಟ್ಟು, ಕಾರನ್ನು ಹಿಂದಕ್ಕೆ ತಂದು, ಟ್ರೇಲರಿನ ಕೊಂಡಿಯನ್ನು ಕಾರಿನ ಹಿಂಬದಿಯ ಗುಂಡಿನ ಮೇಲೆ ಇಳಿಸಿ, ಬೀಗ ಬಿದ್ದ ಗುರುತು ನೋಡಿ, ಮುಂಗಾಲಿನ ಜಾಕಿನಿಂದ ಒಮ್ಮೆ ಮೇಲೆತ್ತಿ ಕೊಂಡಿ ಕಳಚುವುದಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಸರಪಳಿಗಳನ್ನು ಕೊಂಡಿಯ ಕೆಳಗೆ ಒಂದಕ್ಕೊಂದು ಅಡ್ಡವಾಗಿ ಹಾಕಬೇಕು; ಕೊಂಡಿ ಕಳಚಿದರೂ ಟ್ರೇಲರಿನ ಮೂತಿ ರಸ್ತೆಗೆ ಬಡಿಯದೆ ಸರಪಳಿಯ ಮೇಲೆ ಕೂರುತ್ತದೆ. ನಂತರ ಬ್ರೇಕಿನ ತಂತಿ, ದೀಪದ ಪ್ಲಗ್. ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿ ದೀಪಗಳ ಪರೀಕ್ಷೆ. ಜಾಕು ಪೂರ್ತಿ ಮೇಲಕ್ಕೆ. ಕೊನೆಗೆ ಮರದ ತುಂಡು ತೆಗೆಯುವುದು. ಟೈರಿನ ಗಾಳಿಯನ್ನು ಬೆಳಿಗ್ಗೆ ತಂಪಿನಲ್ಲೇ ನೋಡಬೇಕು. ಬಿಸಿಲಿಗೆ ಏರಿದ ಒತ್ತಡ ಕಂಡು ಗಾಳಿ ಬಿಟ್ಟರೆ ಟೈರ್ ಇನ್ನಷ್ಟು ಕಾದು ಒಡೆಯುತ್ತದೆ. ಚಕ್ರ ಹೊಸದಾಗಿ ಹಾಕಿದ್ದರೆ ಮೊದಲ 80 ಕಿ.ಮೀ. ಆದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ.

ಎಲೆಕ್ಟ್ರಿಕ್ ಕಾರಿನಲ್ಲಿ ಆ್ಯಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಮೋಟಾರೇ ಬ್ರೇಕಾಗಿ ಬ್ಯಾಟರಿಗೆ ವಿದ್ಯುತ್ತು ಮರಳಿಸುತ್ತದೆ. ಟ್ರೇಲರ್ ಇರುವಾಗ ಇದು ಜೋರಾಗಿರುವುದು ಅಪಾಯಕರ, ಏಕೆಂದರೆ ನಿಧಾನವಾಗುವುದು ಕಾರು ಮಾತ್ರ. ಹಿಂದಿನ ಟ್ರೇಲರ್ ಅದನ್ನು ತಳ್ಳುತ್ತದೆ. ಒದ್ದೆ ರಸ್ತೆಯಲ್ಲಿ, ಅದರಲ್ಲೂ ಹಿಂದಿನ ಚಕ್ರಗಳಿಗೆ ಮೋಟಾರ್ ಇರುವ ಕಾರಿನಲ್ಲಿ, ಕಾರು ಮತ್ತು ಟ್ರೇಲರ್ ಕತ್ತರಿಯಂತೆ ಮಡಚಿಕೊಳ್ಳಬಹುದು. ತಳ್ಳುವಿಕೆಯಿಂದಲೇ ಬ್ರೇಕ್ ಹಿಡಿಯುವ ಟ್ರೇಲರ್ ಆದರೆ ಅದರ ಬ್ರೇಕ್ ಮತ್ತೆ ಮತ್ತೆ ಉಜ್ಜಿ ಕಾಯುತ್ತದೆ, ಬ್ಯಾಟರಿಗೆ ಬರಬೇಕಾದ ಶಕ್ತಿ ಅಲ್ಲಿ ಶಾಖವಾಗಿ ಹೋಗುತ್ತದೆ. ಆದ್ದರಿಂದ ಈ ಮರುಚಾರ್ಜಿನ ಮಟ್ಟವನ್ನು ಕಡಿಮೆ ಅಥವಾ ಮಧ್ಯಮಕ್ಕೆ ಇಟ್ಟು ಕಾಲನ್ನು ನಿಧಾನವಾಗಿ ಎತ್ತುವ ಅಭ್ಯಾಸ ಮಾಡಿಕೊಳ್ಳಿ. ಬ್ಯಾಟರಿ ಪೂರ್ತಿ ತುಂಬಿರುವಾಗ ಈ ಬ್ರೇಕಿಂಗ್ ಕೆಲಸವೇ ಮಾಡದಿರಬಹುದು ಎಂಬುದೂ ಗಮನದಲ್ಲಿರಲಿ.

ಟ್ರೇಲರ್ ಓಲಾಡಲು ಆರಂಭಿಸಿದರೆ ಸ್ಟೀರಿಂಗ್ ನೇರ ಹಿಡಿದು, ಬ್ರೇಕ್ ಒತ್ತದೆ, ವೇಗ ತಾನಾಗಿ ಇಳಿಯಲು ಬಿಡಬೇಕು. ಓಲಾಟವನ್ನು ಸ್ಟೀರಿಂಗ್‌ನಿಂದ ಸರಿಪಡಿಸಲು ಹೋದರೆ ಅದು ಹೆಚ್ಚಾಗುತ್ತದೆ.

ನಮ್ಮ ರಸ್ತೆಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾದದ್ದಿದೆ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಅದರ ಮೇಲಿನ ಡಾಂಬರು ಅಲೆಯಲೆಯಾಗುತ್ತದೆ. ಕಾರಿಗೆ ತಿಳಿಯದ ಅಲೆ ಟ್ರೇಲರನ್ನು ಕುಣಿಸುತ್ತದೆ. ಮಳೆಗಾಲದಲ್ಲಿ ಎದುರಿನ ಲಾರಿಗೆ ದಾರಿ ಬಿಡಲು ರಸ್ತೆ ಬದಿಯ ಎರೆಗೆ ಇಳಿದರೆ ಟ್ರೇಲರ್ ಹೂತುಹೋಗುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ಬೀದರ್, ಆಳಂದ, ಅಫಜಲಪುರ ಕಡೆ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್‌ಗಳು ಹಿಂದೀಪವಿಲ್ಲದೆ ಓಡುತ್ತವೆ; ಹೊತ್ತು ಮುಳುಗುವ ಮೊದಲೇ ತಂಗುದಾಣ ಸೇರಲು ಇದೊಂದು ಕಾರಣವೇ ಸಾಕು. ತೊಗರಿ ಸುಗ್ಗಿಯಲ್ಲಿ ಹಳ್ಳಿಯ ರಸ್ತೆಯ ಮೇಲೆ ರಾಶಿ ಹರಡಿರುತ್ತಾರೆ. ಒಣ ತೊಗರಿ ಕಟ್ಟಿಗೆ ಟ್ರೇಲರಿನ ಆ್ಯಕ್ಸಲ್‌ಗೆ ಸುತ್ತಿಕೊಂಡು ದೀಪದ ತಂತಿ ಕಿತ್ತುಹೋಗುವುದರಿಂದ ಅಂಥ ದಾರಿ ದಾಟಿದ ಮೇಲೆ ಇಳಿದು ಕೆಳಗೆ ನೋಡಬೇಕು. ವಾಡಿ, ಸೇಡಂ, ಮಳಖೇಡ ಭಾಗದಲ್ಲಿ ಸಿಮೆಂಟ್ ಲಾರಿಗಳ ದಟ್ಟಣೆ ಇದೆ. ಹಿಂದಿಕ್ಕಿ ಹೋಗುವ ಲಾರಿಯ ಗಾಳಿ ಮೊದಲು ಟ್ರೇಲರನ್ನು ಆಚೆ ತಳ್ಳಿ ಆಮೇಲೆ ತನ್ನೆಡೆಗೆ ಎಳೆಯುತ್ತದೆ.

ಎಂಟನೆಯ ಹೆಜ್ಜೆ: ದಾರಿ ಹೊಂದಿಸುವುದು

ಉತ್ತರದ ಸುತ್ತು ಹೀಗಿರಬಹುದು. ಕಲಬುರಗಿಯಿಂದ ಹುಮನಾಬಾದ್ ಮೂಲಕ ಬೀದರ್‌ಗೆ ಸುಮಾರು 115 ಕಿ.ಮೀ., ಅಲ್ಲಿ ಎರಡು ರಾತ್ರಿ. ಹಳೆಯ ಪಟ್ಟಣದ ಓಣಿಗಳಿಗೆ, ಕೋಟೆಯ ತಿರುವು ಬಾಗಿಲುಗಳಿಗೆ ಟ್ರೇಲರ್ ತರುವ ಯೋಚನೆ ಬೇಡ. ಊರ ಹೊರಗೆ ಅದನ್ನು ನಿಲ್ಲಿಸಿ, ಕಾರನ್ನಷ್ಟೇ ತೆಗೆದುಕೊಂಡು ಕೋಟೆ, 1472ರಲ್ಲಿ ಕಟ್ಟಿದ ಮಹಮೂದ್ ಗವಾನರ ಮದರಸಾ, ಅಷ್ಟೂರಿನ ಬಹಮನಿ ಗೋರಿಗಳು, ನಾನಕ್ ಝೀರಾ ನೋಡಬಹುದು. ಟ್ರೇಲರ್ ಇಲ್ಲದ ಆ ದಿನ ಕಾರು ಐದಾರು ಯೂನಿಟ್‌ನಲ್ಲಿ ಮುಗಿಸುವುದರಿಂದ ಎರಡನೆಯ ರಾತ್ರಿಗೆ ಬ್ಯಾಟರಿ ಪೂರ್ತಿ ತುಂಬುತ್ತದೆ. ಮೂರನೆಯ ದಿನ ಬಸವಕಲ್ಯಾಣಕ್ಕೆ ಸುಮಾರು 80 ಕಿ.ಮೀ., ನಾಲ್ಕನೆಯ ದಿನ ಹುಮನಾಬಾದ್ ಮೇಲೆಯೇ ಕಲಬುರಗಿಗೆ ಸುಮಾರು 95 ಕಿ.ಮೀ. ನಕ್ಷೆಯಲ್ಲಿ ಹತ್ತಿರವೆಂದು ಕಾಣುವ ಒಳದಾರಿ ಹಿಡಿಯುವುದಕ್ಕಿಂತ ಇದು ಲೇಸು.

ದಕ್ಷಿಣದ ಸುತ್ತಿನಲ್ಲಿ ಜೇವರ್ಗಿ ಮೂಲಕ ಶಹಾಪುರಕ್ಕೆ ಸುಮಾರು 90 ಕಿ.ಮೀ.; ಅಲ್ಲಿನ ಬುದ್ಧ ಮಲಗಿದ ಬೆಟ್ಟದ ನೋಟ ಹೆದ್ದಾರಿಯ ಕಡೆಯಿಂದಲೇ ಸಿಗುತ್ತದೆ. ಸುರಪುರಕ್ಕೂ ಬೋನಾಳ ಪಕ್ಷಿಧಾಮಕ್ಕೂ ಶಹಾಪುರದಲ್ಲಿ ಟ್ರೇಲರ್ ಬಿಟ್ಟು ಹೋಗಿಬರುವುದು ಸರಿ. ಮರುದಿನ ಯಾದಗಿರಿ ಕೋಟೆ ನೋಡಿ, ಅಲ್ಲಿ ತಂಗಿ, ಕಲಬುರಗಿಗೆ ಮರಳಿದರೆ ಸುಮಾರು 80 ಕಿ.ಮೀ. ಅಶೋಕನ ಶಾಸನ ಮತ್ತು ಕನಗನಹಳ್ಳಿ ಸ್ತೂಪವಿರುವ ಸನ್ನತಿಯನ್ನು ಕಲಬುರಗಿಯಿಂದ ಒಂಟಿ ಕಾರಿನಲ್ಲಿ ಒಂದೇ ದಿನದಲ್ಲಿ ನೋಡಿ ಬರಬಹುದು. ಕಿರಿದಾದ ಆ ರಸ್ತೆಯಲ್ಲಿ ಟ್ರೇಲರ್ ತಿರುಗಿಸುವ ಜಾಗ ಹುಡುಕುವುದು ವ್ಯರ್ಥ ಶ್ರಮ.

ಕಾಲ ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ. ಗಾಳಿ ಶಾಂತ, ರಾತ್ರಿ ತಂಪು, ಎಸಿ ಬೇಡ.

ಒಂಬತ್ತನೆಯ ಹೆಜ್ಜೆ: ತಂಗಿದಾಗ

ಟ್ರೇಲರ್ ನಿಲ್ಲಿಸಲು ಮುರುಮು ಹಾಕಿದ ಅಥವಾ ಕಲ್ಲು ಹಾಸಿದ ನೆಲ ನೋಡಿ. ಒಣಗಿರುವ ಎರೆ ಗಟ್ಟಿಯಾಗಿ ಕಂಡರೂ ರಾತ್ರಿ ಒಂದು ಮಳೆ ಬಿದ್ದರೆ ಬೆಳಿಗ್ಗೆ ಟ್ರ್ಯಾಕ್ಟರ್ ಕರೆಸಬೇಕಾಗುತ್ತದೆ. ಜಾಕಿನ ಕೆಳಗೆ ಇಡಲು ಎಲ್ಲೆಡೆ ಸಿಗುವ ಶಹಾಬಾದ್ ಫರಸಿ ಅನುಕೂಲ ಎನಿಸುತ್ತದೆ. ಆದರೆ ಕೆಳಗೆ ಪೊಳ್ಳು ಇದ್ದರೆ ಫರಸಿ ಒಮ್ಮೆಲೇ ಸೀಳುತ್ತದೆ. ಎರಡು ಇಂಚು ದಪ್ಪದ ಹಲಗೆಯೇ ಲೇಸು.

ಕಾರಿನಿಂದಲೇ ವಿದ್ಯುತ್ತು ಹೊರತೆಗೆಯುವ ಸೌಲಭ್ಯ ಈಗ ಹಲವು ಮಾದರಿಗಳಲ್ಲಿದೆ. ಏನು ಬಳಸಿದರೆ ಎಷ್ಟು ದೂರ ಕಳೆಯುತ್ತದೆ ಎಂಬ ದೃಷ್ಟಿಯಲ್ಲಿ ನೋಡಿದರೆ ಖರ್ಚು ಹಿಡಿತಕ್ಕೆ ಬರುತ್ತದೆ. ಚಿಕ್ಕ ಫ್ರಿಜ್‌ಗೆ ದಿನಕ್ಕೆ ಅರ್ಧ ಯೂನಿಟ್, ಅಂದರೆ ಎರಡು ಕಿ.ಮೀ.; ಇಂಡಕ್ಷನ್ ಒಲೆಯಲ್ಲಿ ಅರ್ಧ ತಾಸಿನ ಅಡುಗೆಗೆ ಒಂದು ಯೂನಿಟ್, ಅಂದರೆ ನಾಲ್ಕು ಕಿ.ಮೀ.; ರಾತ್ರಿ ಎಂಟು ತಾಸು ಎಸಿ ಹಾಕಿದರೆ ಆರು ಯೂನಿಟ್‌ಗೂ ಮೇಲೆ, ಅಂದರೆ 27 ಕಿ.ಮೀ. ಒಂದೇ 15 ಆಂಪಿಯರ್ ಸಾಕೆಟ್‌ನಿಂದ ಕಾರಿನ ಪೂರ್ಣ 15 ಆಂಪಿಯರ್ ಚಾರ್ಜು ಮತ್ತು ಟ್ರೇಲರಿನ ಎಸಿ ಎರಡೂ ನಡೆಯುವುದಿಲ್ಲ. ಎಸಿ ಬೇಕೆಂದರೆ ಚಾರ್ಜರನ್ನು 10 ಆಂಪಿಯರ್‌ಗೆ ಇಳಿಸಬೇಕು. ಊಟದ ವಿಷಯದಲ್ಲಿ ಈ ಭಾಗದವರು ಅದೃಷ್ಟವಂತರು. ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡರೆ ಒಂದು ಹೊತ್ತಿಗೆ ಒಲೆಯೇ ಬೇಡ.

ಊರಿಗೆ ಮರಳಿದ ಮೇಲೆ

ಟ್ರೇಲರ್ ನಿಲ್ಲಿಸಿದ ಕೂಡಲೇ ಚಕ್ರಗಳ ನಡುಭಾಗದ ಹತ್ತಿರ ಕೈ ಹಿಡಿದು ಎರಡೂ ಬದಿಯ ಕಾವನ್ನು ಹೋಲಿಸಿ ನೋಡಿ. ಒಂದು ಬದಿ ಮಾತ್ರ ಹೆಚ್ಚು ಬಿಸಿ ಇದ್ದರೆ ಬೇರಿಂಗ್ ಸವೆದಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಬ್ರೇಕಿನೊಳಗೆ ಸೇರಿದ ಎರೆಮಣ್ಣನ್ನು ಒಣಗಿ ಕಲ್ಲಾಗುವ ಮೊದಲೇ ತೊಳೆಯಬೇಕು. ನೀರಿನ ಟ್ಯಾಂಕ್ ಖಾಲಿ ಮಾಡಿ, ಟೈರುಗಳಿಗೆ ಬಿಸಿಲು ತಾಗದಂತೆ ಮುಚ್ಚಿ, ಬಹುಕಾಲ ನಿಲ್ಲುವುದಾದರೆ ಆ್ಯಕ್ಸಲ್‌ಗೆ ಜಾಕು ಕೊಟ್ಟು ಟೈರಿನ ಭಾರ ಇಳಿಸಿ. ಟೈರು ಸವೆಯದಿದ್ದರೂ ಐದಾರು ವರ್ಷಕ್ಕೆ ಬದಲಿಸಬೇಕು, ಏಕೆಂದರೆ ನಮ್ಮ ಬಿಸಿಲಿಗೆ ರಬ್ಬರ್ ಸೀಳುತ್ತದೆ. ಪ್ರತಿ ಹಂತದ ದೂರ, ವೇಗ, ಗಾಳಿಯ ದಿಕ್ಕು, ಖರ್ಚಾದ ಯೂನಿಟ್, ಚಾರ್ಜ್ ಮಾಡಿದ ಜಾಗದ ಅರ್ಥಿಂಗ್ ಹೇಗಿತ್ತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಪ್ರವಾಸದ ತಂಗುದಾಣಗಳನ್ನು ಆ ಪುಟ ನೋಡಿ ಗೊತ್ತುಮಾಡಬಹುದು.